ತೊಳೆದರೂ ಹೋಗದ ಲೋಳೆ

ಹೋಟೆಲ್ ಬಂಧುಗಳೇ, ಮುಂಬಯಿಯ ನಮ್ಮ ಹೋಟೆಲಿನಲ್ಲಿ ಒಮ್ಮೆ ಕೊಬ್ಬರಿ ಚಟ್ನಿ ದಿನಾ ಮಧ್ಯಾಹ್ನದೊಳಗೆ ಹಳಸತೊಡಗಿತು. ಗಿರಾಕಿಗಳೂ ದೂರಿದರು. ರಾತ್ರಿ ಪಾತ್ರೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದುತ್ತಲೇ ಇದ್ದೆವು. ಕೊನೆಗೆ ಮಿಕ್ಸರ್ ಜಾರಿನ ಬ್ಲೇಡ್ ಬಿಚ್ಚಿದೆವು. ವಾಷರ್ ಅಡಿಯಲ್ಲಿ ಲೋಳೆ ಕೈಗೆ ಹತ್ತಿತು.

ಬ್ಯಾಕ್ಟೀರಿಯಾಗಳು ಹೀಗೆ ಗುಂಪಾಗಿ ಕಟ್ಟಿಕೊಳ್ಳುವ ಲೋಳೆ ಮನೆಗೆ ಬಯೋಫಿಲ್ಮ್ ಎನ್ನುತ್ತಾರೆ. ಯಾವಾಗ ಕಟ್ಟಬೇಕು ಎಂಬ ಲೆಕ್ಕ ಅವುಗಳ ಜೀನ್‌ಗಳಲ್ಲಿದೆ. ವಾಂತಿಭೇದಿ ತರುವ ಸಾಲ್ಮೊನೆಲ್ಲಾವನ್ನೇ ನೋಡಿ. ಅದರಲ್ಲಿ ಸಿಎಸ್‌ಜಿಡಿ ಎಂಬ ಜೀನ್ ಮೇಸ್ತ್ರಿ ಇದ್ದಂತೆ. ಆಹಾರ ಕಡಿಮೆಯಾಗಿ, ಶಾಖ ಸುಮಾರು 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದು ಎಚ್ಚೆತ್ತು ಬೇರೆ ಜೀನ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಕರ್ಲಿ ಎಂಬ ಅಂಟುನಾರು, ಹತ್ತಿಯಲ್ಲಿರುವಂಥ ಸೆಲ್ಯುಲೋಸ್ ತಯಾರಾಗಿ ಬಲೆ ಹೆಣೆಯುತ್ತವೆ. ಒಳಗಿರುವ ಕ್ರಿಮಿಗೆ ಕ್ಲೋರಿನ್ ಸರಿಯಾಗಿ ತಾಗುವುದಿಲ್ಲ. ಬಾಗಿಲು ಹಾಕಿದ ಮೇಲೆ ನಮ್ಮ ಅಡುಗೆಮನೆಯಲ್ಲಿ ಬಿಟ್ಟ ಒದ್ದೆ ಪಾತ್ರೆ, ಹಲಗೆಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ.

ಆದ್ದರಿಂದ ಈಗ ನಾವು ಮೊದಲು ಬಿಚ್ಚುತ್ತೇವೆ, ಬಿಸಿನೀರು ಸೋಪು ಹಾಕಿ ಬ್ರಶ್ಶಿನಿಂದ ಉಜ್ಜಿ ತೊಳೆಯುತ್ತೇವೆ. ಬ್ಲೀಚಿಂಗ್ ಆಮೇಲೆ. ಕಡೆಗೆ ಪೂರಾ ಒಣಗಿಸುತ್ತೇವೆ. ಸವೆದ ವಾಷರ್ ಎಸೆಯುತ್ತೇವೆ. ಚಟ್ನಿಯ ದೂರು ನಿಂತಿದೆ.

ಗಿರಾಕಿಯ ಹೊಟ್ಟೆ ಕೆಟ್ಟರೆ ನಮ್ಮ ಹೆಸರೂ ಕೆಟ್ಟಂತೆಯೇ. ಇವತ್ತು ರಾತ್ರಿಯೇ ನಿಮ್ಮ ಜಾರು ಬಿಚ್ಚಿ ನೋಡಿ.