ಗೆದ್ದು ಹೋದವರ ಲೆಕ್ಕ

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯ ಮತದಾರರು ಮೂರು ಊರುಗಳ ಕಡೆ ಮುಖ ಮಾಡಬೇಕು. ಜಿಲ್ಲಾ ಕಚೇರಿಯ ಕೆಲಸಕ್ಕೆ ಬಳ್ಳಾರಿ. ವಿಧಾನಸಭೆಗೆ ಸಿರುಗುಪ್ಪ. ಆದರೆ ಲೋಕಸಭೆಗೆ ಅವರ ಮತ ಬೀಳುವುದು ಬಳ್ಳಾರಿಗಲ್ಲ, ಕೊಪ್ಪಳಕ್ಕೆ. 2008ರ ಕ್ಷೇತ್ರ ಪುನರ್ವಿಂಗಡಣೆಯ ಪ್ರಕಾರ ಸಿರುಗುಪ್ಪ ವಿಧಾನಸಭಾ ಕ್ಷೇತ್ರವು ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. 2024ರಲ್ಲಿ ಬಳ್ಳಾರಿಯಿಂದ ಇ. ತುಕಾರಾಂ ಗೆದ್ದರು, ಕೊಪ್ಪಳದಿಂದ ಕೆ. ರಾಜಶೇಖರ ಹಿಟ್ನಾಳ ಗೆದ್ದರು. ಹಚ್ಚೊಳ್ಳಿಯವರು ಸಂಸತ್ತಿನಲ್ಲಿ ತಮ್ಮ ಸದಸ್ಯರ ಕೆಲಸವೇನೆಂದು ತಿಳಿಯಬೇಕಾದರೆ ನೋಡಬೇಕಾದುದು ಎರಡನೆಯ ಹೆಸರನ್ನು. ಜನಪ್ರತಿನಿಧಿಯ ಲೆಕ್ಕ ಹಿಡಿಯುವ ಕೆಲಸದಲ್ಲಿ ಇದು ಮೊದಲ ಮೆಟ್ಟಿಲು.

ದೆಹಲಿಯ ಕಲಾಪಕ್ಕೂ ಹಚ್ಚೊಳ್ಳಿಯ ಭತ್ತದ ಗದ್ದೆಗೂ ಏನು ನಂಟು ಎಂದು ಕೇಳುವವರಿರಬಹುದು. ನಂಟು ಬಹಳ ಹತ್ತಿರದ್ದು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನು 1953ರಲ್ಲಿ ಸಂಸತ್ತು ಅಂಗೀಕರಿಸಿದ ಆಂಧ್ರ ರಾಜ್ಯ ಕಾಯ್ದೆಯು ಎರಡು ಪಾಲು ಮಾಡಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪ, ಬಳ್ಳಾರಿ, ಹೊಸಪೇಟೆ ಮೊದಲಾದವು ಆ ವರ್ಷದ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದವು. ಎರಡೂ ರಾಜ್ಯಗಳಿಗೆ ನೀರು ಹಂಚುವ ತುಂಗಭದ್ರಾ ಮಂಡಳಿ ಹುಟ್ಟಿದ್ದೂ ಅದೇ ಕಾಯ್ದೆಯ 66ನೇ ಸೆಕ್ಷನ್ನಿನಿಂದ. ಸಿರುಗುಪ್ಪ ತಾಲ್ಲೂಕನ್ನು ಹಾಯ್ದು ಹೋಗುವ ಕೆಳಮಟ್ಟದ ಕಾಲುವೆಯ ನೀರಿನ ಮಾತು ಇಂದಿಗೂ ಈ ಮಂಡಳಿಯ ಮುಂದೆಯೇ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಅಚ್ಚುಕಟ್ಟಿನ ರೈತರೆಲ್ಲ ಕಂಗಾಲಾದರು. ಮಂಡಳಿಯು ಕೇಂದ್ರಕ್ಕೆ ಸಂಬಂಧಿಸಿದ್ದಾದ್ದರಿಂದ ಅದರ ಬಗ್ಗೆ ಪ್ರಶ್ನೆ ಕೇಳುವ ಒಂದು ಜಾಗ ಲೋಕಸಭೆ.

ಇನ್ನೊಂದು ಉದಾಹರಣೆ ಸಂವಿಧಾನದ 371ಜೆ ವಿಧಿ. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳ ಜೊತೆಗೆ ಬಳ್ಳಾರಿಗೂ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಯ ದಾರಿ ತೆರೆದ ಈ ವಿಧಿಯನ್ನು ಸಂಸತ್ತು 2012ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 2013ರ ಅಕ್ಟೋಬರ್ 1ರಂದು. ಹಚ್ಚೊಳ್ಳಿಯ ಹುಡುಗಿಯೊಬ್ಬಳಿಗೆ ಈ ಮೀಸಲಾತಿಯಲ್ಲಿ ವೈದ್ಯಕೀಯ ಸೀಟು ಸಿಕ್ಕಿದರೆ ಅದರ ಹಿಂದೆ ದೆಹಲಿಯಲ್ಲಿ ಯಾರೋ ಒತ್ತಿದ ಗುಂಡಿಗಳಿವೆ.

ಗುಂಡಿ ಎಂದದ್ದು ಅಲಂಕಾರಕ್ಕಲ್ಲ. ಲೋಕಸಭೆಯಲ್ಲಿ ಮತ ದಾಖಲಿಸುವ ಯಂತ್ರ 1957ರಲ್ಲೇ ಬಂದಿತು. ಸದಸ್ಯರು ಮತ ವಿಭಜನೆಗೆ ಪಟ್ಟು ಹಿಡಿದರೆ ಗಂಟೆ ಬಾರಿಸಿ, ಹೊರಗಿದ್ದವರು ಒಳಬರಲು ಸಮಯ ಕೊಟ್ಟು, ಬಾಗಿಲು ಮುಚ್ಚುತ್ತಾರೆ. ಆಮೇಲೆ ತಂತಮ್ಮ ಆಸನದಲ್ಲಿ ಕುಳಿತು ಪರ, ವಿರೋಧ ಅಥವಾ ತಟಸ್ಥ ಎಂದು ಗುಂಡಿ ಒತ್ತಬೇಕು. ಯಾರು ಯಾವುದನ್ನು ಒತ್ತಿದರೆಂಬುದು ಹೆಸರು ಸಮೇತ ನಡವಳಿಯಲ್ಲಿ ಅಚ್ಚಾಗುತ್ತದೆ. ಈ ಪದ್ಧತಿಯ ಮೂಲ ಇಂಗ್ಲೆಂಡಿನದು. ಅಲ್ಲಿನ ಕೆಳಮನೆ 1836ರಿಂದ ಮತ ಹಾಕಿದವರ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ.

ಆದರೆ ಎಲ್ಲ ಮಸೂದೆಗೂ ಇಂಥ ಪಟ್ಟಿ ಇರುತ್ತದೆಂದು ತಿಳಿಯುವುದು ತಪ್ಪು. ಸಂವಿಧಾನ ತಿದ್ದುಪಡಿಗೆ ಸದನದ ಒಟ್ಟು ಸದಸ್ಯರಲ್ಲಿ ಬಹುಮತವೂ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗವೂ ಬೇಕು. ಹಾಗಾಗಿ ತಲೆ ಎಣಿಸದೆ ವಿಧಿಯಿಲ್ಲ. 371ಜೆ ಈ ಹಾದಿಯಲ್ಲೇ ಬಂದದ್ದು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಮತ ಪರವಾಗಿಯೂ 2 ಮತ ವಿರುದ್ಧವಾಗಿಯೂ ಬಿದ್ದವೆಂದು ನಾವು ಖಚಿತವಾಗಿ ಹೇಳಬಲ್ಲೆವು. ಸಾಮಾನ್ಯ ಮಸೂದೆಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಿನವು ಧ್ವನಿಮತದಲ್ಲೇ ಮುಗಿಯುತ್ತವೆ. ಪರ ಇರುವವರು 'ಹೌದು' ಎನ್ನುತ್ತಾರೆ, ವಿರೋಧಿಗಳು 'ಇಲ್ಲ' ಎನ್ನುತ್ತಾರೆ, ಯಾವ ದನಿ ಜೋರೆಂದು ಪೀಠ ತೀರ್ಮಾನಿಸುತ್ತದೆ. ಅಲ್ಲಿ ಯಾರ ಹೆಸರೂ ಉಳಿಯುವುದಿಲ್ಲ.

2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು ಹೀಗೆಯೇ ಅಂಗೀಕಾರವಾದವು. ವಿರೋಧ ಪಕ್ಷಗಳು ಮತ ವಿಭಜನೆ ಕೇಳಿದವು. ಸದಸ್ಯರು ತಮ್ಮ ಆಸನಗಳಲ್ಲಿ ಇರಲಿಲ್ಲವೆಂಬ ಕಾರಣವನ್ನು ಪೀಠ ಕೊಟ್ಟಿತು. ಆ ಕಾಯ್ದೆಗಳು 2021ರಲ್ಲಿ ರದ್ದಾದವು. ಅವು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ದೇಶದ ರೈತರೆಲ್ಲರಿಗೂ ಸಂಬಂಧಿಸಿದ ಮಸೂದೆಯ ಮೇಲೆ ಯಾವ ಸದಸ್ಯ ಯಾವ ಕಡೆ ನಿಂತನೆಂಬ ಪಟ್ಟಿಯೇ ಇಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಲೆಕ್ಕ ಬರೆದಿಡದ ಅಂಗಡಿಯಲ್ಲಿ ಲಾಭನಷ್ಟ ಕೇಳಿದಂತೆ ಇದು.

ಹೆಸರು ದಾಖಲಾದಾಗಲೂ ಅದನ್ನು ಓದುವಾಗ ಎಚ್ಚರ ಬೇಕು. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಪಕ್ಷದ ವಿಪ್ ಮೀರಿ ಮತ ಹಾಕಿದವರು, ಗೈರುಹಾಜರಾದವರು ಸದಸ್ಯತ್ವ ಕಳೆದುಕೊಳ್ಳಬಹುದು. ಹದಿನೈದು ದಿನಗಳೊಳಗೆ ಪಕ್ಷವೇ ಮನ್ನಿಸಿದರೆ ಆ ಮಾತು ಬೇರೆ. ಆದ್ದರಿಂದ ವಿಪ್ ಇದ್ದಾಗ ಹಾಕಿದ ಮತ ಬಹುಮಟ್ಟಿಗೆ ಪಕ್ಷದ ಮತ. ಅದರಿಂದ ಆ ವ್ಯಕ್ತಿಯ ಮನಸ್ಸು ತಿಳಿಯುವುದಿಲ್ಲ. ಪಕ್ಷದ ಗೆರೆ ದಾಟಿದವರ ಹೆಸರು ನೆನಪಿನಲ್ಲಿ ಉಳಿಯುವುದು ಈ ಕಾರಣಕ್ಕೇ. 2008ರ ಜುಲೈ 22ರಂದು ಮನಮೋಹನ ಸಿಂಗ್ ಸರ್ಕಾರ ವಿಶ್ವಾಸಮತ ಕೇಳಿದಾಗ ಬೆಂಗಳೂರು ಉತ್ತರದ ಬಿಜೆಪಿ ಸದಸ್ಯ ಎಚ್.ಟಿ. ಸಾಂಗ್ಲಿಯಾನ ಸರ್ಕಾರದ ಪರ ಮತ ಹಾಕಿದರು. ಪಕ್ಷ ಅವರನ್ನು ಉಚ್ಚಾಟಿಸಿತು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಬಿದ್ದದ್ದು 269ಕ್ಕೆ 270, ಒಂದೇ ಒಂದು ಮತದಿಂದ.

ನಮ್ಮ ವಿಧಾನಸಭೆಯಲ್ಲಿ ಮತ ವಿಭಜನೆಯೆಂದರೆ ಸದಸ್ಯರನ್ನು ಸಾಲುಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸುವುದು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99ಕ್ಕೆ 105 ಮತಗಳಿಂದ ಸೋತದ್ದು ಹೀಗೆ ಎಣಿಸಿದಾಗ. ಅಂದು ಸದನದಲ್ಲಿ ಇಲ್ಲದವರೇ ಸರ್ಕಾರದ ಹಣೆಬರಹ ಬರೆದರು. ಆಗಿನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದ ವಿಜಯನಗರ ಕ್ಷೇತ್ರದ ಆನಂದ್ ಸಿಂಗ್ ಸೇರಿ 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಗೈರುಹಾಜರಿಯೂ ಒಂದು ಮತವೇ ಎಂಬ ಪಾಠ ಇದರಲ್ಲಿದೆ.

ಮತದ ಲೆಕ್ಕದಲ್ಲಿ ಇಷ್ಟು ತೊಡಕಿರುವುದರಿಂದ ಸದಸ್ಯರ ಸ್ವಂತ ಕಾಳಜಿ ಕಾಣುವುದು ಪ್ರಶ್ನೆಗಳಲ್ಲಿ. ಪ್ರಶ್ನೆ ಕೇಳಲು ವಿಪ್ ಅಡ್ಡಬರುವುದಿಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಾಗುತ್ತವೆ. ಅವುಗಳಿಗೆ ಸಚಿವರು ಎದ್ದು ಉತ್ತರಿಸಬೇಕು, ಮರುಪ್ರಶ್ನೆಗೂ ಅವಕಾಶವಿದೆ. ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ. ಯಾರ ಪ್ರಶ್ನೆ ಪಟ್ಟಿಗೆ ಬರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಇದರ ಜೊತೆಗೆ ಶೂನ್ಯವೇಳೆಯಿದೆ, ನಿಯಮ 377ರಡಿ ಕ್ಷೇತ್ರದ ಸಮಸ್ಯೆ ಓದುವ ಅವಕಾಶವಿದೆ, ಶುಕ್ರವಾರಗಳಂದು ಖಾಸಗಿ ಸದಸ್ಯರ ಮಸೂದೆಗಳಿವೆ. 'ಪರಿಶೀಲಿಸುತ್ತೇವೆ' ಎಂದು ಸಚಿವರು ಮಾತು ಕೊಟ್ಟರೆ ಅದನ್ನು ಬೆನ್ನುಹತ್ತಲು ಸರ್ಕಾರಿ ಭರವಸೆಗಳ ಸಮಿತಿಯೂ ಇದೆ.

ಪ್ರಶ್ನೆಗಳ ಸಂಖ್ಯೆಯನ್ನು ಮಾತ್ರ ನೋಡಿ ಮರುಳಾಗಬಾರದು. 2005ರ ಡಿಸೆಂಬರ್‌ನಲ್ಲಿ ಹಣ ಪಡೆದು ಪ್ರಶ್ನೆ ಕೇಳಿದ ಹಗರಣದಲ್ಲಿ ಎರಡೂ ಸದನಗಳ 11 ಸದಸ್ಯರನ್ನು ಉಚ್ಚಾಟಿಸಲಾಯಿತು. ಪಟ್ಟಿಯಲ್ಲಿ ಅವರ ಪ್ರಶ್ನೆಗಳೂ ಉಳಿದವರ ಪ್ರಶ್ನೆಗಳಂತೆಯೇ ಎಣಿಕೆಯಾಗಿದ್ದವು. ಹಾಜರಿಯ ಅಂಕಿಯದೂ ಇದೇ ಹಣೆಬರಹ. ಹಾಜರಿ ಹಾಕಿದವರೆಲ್ಲ ಇಡೀ ದಿನ ಕುಳಿತಿದ್ದರೆಂದು ಅರ್ಥವಲ್ಲ. ಸಚಿವರು ಹಾಜರಿ ದಾಖಲಿಸುವುದೂ ಇಲ್ಲ, ಪ್ರಶ್ನೆ ಕೇಳುವುದೂ ಇಲ್ಲ. ಅವರದು ಉತ್ತರಿಸುವ ಕೆಲಸ. ಸೊನ್ನೆ ಕಂಡಲ್ಲೆಲ್ಲ ಸೋಮಾರಿತನ ಕಾಣುವುದು ನ್ಯಾಯವಲ್ಲ.

ಸಂಸದರ ಕ್ಷೇತ್ರಾಭಿವೃದ್ಧಿ ನಿಧಿಯ ಲೆಕ್ಕವನ್ನೂ ಇದರೊಳಗೆ ಬೆರೆಸಬಾರದು. 1993ರ ಡಿಸೆಂಬರ್‌ನಲ್ಲಿ ಶುರುವಾದ ಈ ಯೋಜನೆಯ ಮೊತ್ತ 2011–12ರಿಂದ ವರ್ಷಕ್ಕೆ 5 ಕೋಟಿ ರೂಪಾಯಿಗೆ ಏರಿತು. ಸಮುದಾಯ ಭವನ, ಬಸ್ ತಂಗುದಾಣಗಳ ಮೇಲೆ ಹೆಸರು ಬರೆಸಲು ಅದು ಅನುಕೂಲ. ಭವನ ಕಣ್ಣಿಗೆ ಕಾಣುತ್ತದೆ, ಕಾಲುವೆಯ ಬಗ್ಗೆ ಕೇಳಿದ ಪ್ರಶ್ನೆ ಕಾಣುವುದಿಲ್ಲ. ಮದುವೆಗೆ ಬಂದವರು ನೆನಪಿರುತ್ತಾರೆ, ಮಸೂದೆಗೆ ತಿದ್ದುಪಡಿ ತಂದವರು ನೆನಪಿರುವುದಿಲ್ಲ. ನಾವು ಯಾವುದನ್ನು ಅಳೆಯುತ್ತೇವೋ ಪ್ರತಿನಿಧಿಗಳೂ ಅದನ್ನೇ ಮಾಡುತ್ತಾರೆ.

ಈ ದಾಖಲೆಗಳನ್ನು ನೋಡಲು ಹಿಂದೆ ದೊಡ್ಡ ಗ್ರಂಥಾಲಯಗಳಿಗೆ ಹೋಗಬೇಕಿತ್ತು. ಈಗ ಸಂಸತ್ತಿನ ಜಾಲತಾಣದಲ್ಲಿ ಪ್ರತಿ ಸದಸ್ಯರ ಪ್ರಶ್ನೆ, ಸಚಿವರ ಉತ್ತರ, ಚರ್ಚೆಯ ನಡವಳಿ ಸಿಗುತ್ತವೆ. ವಿಧಾನಸಭೆಯ ನಡವಳಿಗಳೂ ಕನ್ನಡದಲ್ಲೇ ಓದಲು ದೊರೆಯುತ್ತವೆ. 2005ರಲ್ಲಿ ಆರಂಭವಾದ ಪಿಆರ್‌ಎಸ್ ಸಂಸ್ಥೆ ಹಾಜರಿ, ಪ್ರಶ್ನೆ, ಚರ್ಚೆಗಳ ಅಂಕಿಗಳನ್ನು ಒಟ್ಟುಗೂಡಿಸಿ ಕೊಡುತ್ತದೆ.

ಊರಿನ ಗ್ರಂಥಾಲಯದಲ್ಲೋ ಹೈಸ್ಕೂಲಿನಲ್ಲೋ ಒಂದು ನೋಟ್‌ಬುಕ್ ಇಟ್ಟರೆ ಸಾಕು. ಒಂದು ಪುಟ ಸಂಸದರಿಗೆ, ಒಂದು ಶಾಸಕರಿಗೆ. ಪ್ರತಿ ಅಧಿವೇಶನ ಮುಗಿದ ಮೇಲೆ ನಾಲ್ಕು ಸಂಗತಿ ಬರೆಯಬೇಕು: ನಮ್ಮ ನೀರು, ರಸ್ತೆ, ಶಾಲೆ, ಆಸ್ಪತ್ರೆಯ ಬಗ್ಗೆ ಏನು ಕೇಳಿದರು, ಬಂದ ಉತ್ತರವೇನು, ಮತ ವಿಭಜನೆಯಲ್ಲಿ ಎಲ್ಲಿದ್ದರು, ಯಾವ ಸಮಿತಿಯಲ್ಲಿ ಕೆಲಸ ಮಾಡಿದರು. ಪುಟ ಖಾಲಿ ಉಳಿದರೆ ಅದೂ ಒಂದು ಮಾಹಿತಿಯೇ. ಐದು ವರ್ಷಕ್ಕೊಮ್ಮೆ ಕೈಮುಗಿದು ಬರುವವರ ಮುಂದೆ ಆ ಪುಟವನ್ನು ತೆರೆದಿಟ್ಟು, 'ಈ ಸಾಲು ಯಾಕೆ ಖಾಲಿ?' ಎಂದು ಕೇಳಬಹುದು. ಭಾಷಣಕ್ಕಿಂತ ಆ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ.