ಬಾರ್ಬೆಲ್ ಕೆಳಗಿಟ್ಟರೆ ಮಂಡಿ ನೋವು ಹೋಗುತ್ತದೆಯೇ?

ಬಿಸಿಲು ಇಳಿಯುವ ಹೊತ್ತಿಗೆ ಸುರತ್ಕಲ್‌ನ ಎನ್‌ಐಟಿಕೆ ಕಡಲತೀರ ಬಯಲು ವ್ಯಾಯಾಮಶಾಲೆಯಾಗುತ್ತದೆ. ದೀಪಸ್ತಂಭದ ಕಡೆಯಿಂದ ಓಡಿ ಬರುವವರು, ಮರಳಿನ ಮೇಲೆ ದಂಡ ತೆಗೆಯುವವರು, ಬಸ್ಕಿ ಹೊಡೆಯುವವರು. ಇಂಥ ಗುಂಪುಗಳಲ್ಲಿ ಆಗಾಗ ಕಿವಿಗೆ ಬೀಳುವ ಮಾತೊಂದಿದೆ: “ಕಬ್ಬಿಣ ಎತ್ತಿ ಎತ್ತಿ ಮಂಡಿ ಹೋಯ್ತು ಮಾರಾಯ, ಇನ್ನು ಜಿಮ್ ಬೇಡ, ಮೈತೂಕದ ವ್ಯಾಯಾಮವೇ ಸಾಕು.” ಕೇಳಲು ಸರಿಯೆನಿಸುವ ಈ ತೀರ್ಮಾನದೊಳಗೆ ಹಲವು ತಪ್ಪು ಕಲ್ಪನೆಗಳು ಒಟ್ಟಿಗೆ ಕುಳಿತಿವೆ. ಜಿಮ್ ಬಿಡುವುದು ತಪ್ಪೇನಲ್ಲ. ಆದರೆ ಬಿಟ್ಟ ಕಾರಣಕ್ಕೇ ನೋವೂ ಬಿಟ್ಟು ಹೋಗುತ್ತದೆ ಎಂದುಕೊಂಡವರು ಎರಡೇ ವಾರದಲ್ಲಿ ಅದೇ ಮಂಡಿ ಹಿಡಿದುಕೊಂಡು ಕೂರುವುದುಂಟು.

ತಪ್ಪು ಕಲ್ಪನೆ: ಭಾರ ಎತ್ತಿದರೆ ಮಂಡಿ ಸವೆಯುತ್ತದೆ

ಮಂಡಿಯನ್ನು ಬಾಗಿಲಿನ ತಿರುಗಣಿಯಂತೆ ಭಾವಿಸುವುದರಿಂದ ಹುಟ್ಟಿದ ನಂಬಿಕೆ ಇದು. ತಿರುಗಣಿ ಬಳಸಿದಷ್ಟೂ ಸವೆಯುತ್ತದೆ, ನಿಜ. ಕೀಲು ಹಾಗಲ್ಲ. ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಭಾರ ಬಿದ್ದಾಗ ಹಿಂಡಿಕೊಂಡು, ಭಾರ ಇಳಿದಾಗ ಸ್ಪಂಜಿನಂತೆ ಹೀರಿಕೊಂಡು ಅದು ಬದುಕುತ್ತದೆ. ಹಿತಮಿತವಾದ ಭಾರ ಅದಕ್ಕೆ ಶತ್ರುವಲ್ಲ, ಅಗತ್ಯ.

ಕರಾವಳಿಯವರಿಗೆ ಉದಾಹರಣೆ ದೂರವೇನಿಲ್ಲ. ಕುಂದಾಪುರ ಭಾಗದ ಗುರುರಾಜ ಪೂಜಾರಿ ಕುಸ್ತಿಪಟುವಾಗುವ ಆಸೆ ಹೊತ್ತಿದ್ದವರು. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಓದುವಾಗ ಭಾರ ಎತ್ತುವುದಕ್ಕೆ ಹೊರಳಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ನಾಲ್ಕು ವರ್ಷಗಳ ಬಳಿಕ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ಪಡೆದರು. ಮಂಡಿ ಪೂರ್ತಿ ಮಡಚಿ ಕುಳಿತು, ತಲೆಯ ಮೇಲೆ ಭಾರ ಹಿಡಿದು ಏಳುವ ಕ್ರೀಡೆ ಅದು.

ಹಾಗೆಂದು ಭಾರ ಎತ್ತುವುದರಲ್ಲಿ ಅಪಾಯವೇ ಇಲ್ಲ ಎನ್ನುವಂತಿಲ್ಲ. ಫಿನ್‌ಲೆಂಡ್‌ನ ಮಾಜಿ ಉನ್ನತ ಕ್ರೀಡಾಪಟುಗಳ ಮಂಡಿಯನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರ ಎತ್ತುವವರಲ್ಲಿ ಶೇ 31, ಫುಟ್‌ಬಾಲ್ ಆಟಗಾರರಲ್ಲಿ ಶೇ 29, ಓಟಗಾರರಲ್ಲಿ ಶೇ 14ರಷ್ಟು ಮಂದಿಗೆ ಮಂಡಿಯ ಸಂಧಿವಾತದ ಗುರುತುಗಳು ಎಕ್ಸ್‌ರೇಯಲ್ಲಿ ಕಂಡವು. ಎಳೆಯ ವಯಸ್ಸಿನಲ್ಲೇ ಮೈತೂಕ ಹೆಚ್ಚಿದ್ದುದೂ ಅದಕ್ಕೆ ಜೊತೆಯಾಗಿತ್ತು. ಆದರೆ ಅವರೆಲ್ಲ ವರ್ಷಗಟ್ಟಲೆ ದೇಹದ ಮಿತಿಯಂಚಿನಲ್ಲೇ ದುಡಿದವರು. ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುವ ಬ್ಯಾಂಕ್ ನೌಕರನ ಲೆಕ್ಕವೇ ಬೇರೆ.

ತಪ್ಪು ಕಲ್ಪನೆ: ಮೈತೂಕ ತಾನೇ, ಹಗುರ

ಇಲ್ಲಿ ಸ್ವಲ್ಪ ಗಣಿತ ಬೇಕು. 70 ಕಿಲೋ ತೂಕದವನೊಬ್ಬ ಹೆಗಲ ಮೇಲೆ 40 ಕಿಲೋದ ಬಾರ್ಬೆಲ್ ಹೊತ್ತು ಸ್ಕ್ವಾಟ್ ಮಾಡುತ್ತಾನೆ ಎನ್ನಿ. ಒಟ್ಟು 110 ಕಿಲೋ. ಎರಡು ಕಾಲಿಗೆ ಹಂಚಿದರೆ ಒಂದಕ್ಕೆ 55. ಮಂಡಿ ನೋವೆಂದು ಅವನು ಬಾರ್ಬೆಲ್ ಬಿಟ್ಟು, ಮೊಬೈಲಿನಲ್ಲಿ ನೋಡಿದ ಒಂಟಿಕಾಲಿನ ‘ಪಿಸ್ತೂಲ್ ಸ್ಕ್ವಾಟ್’ ಶುರು ಮಾಡುತ್ತಾನೆ. ಈಗ 70 ಕಿಲೋ ಪೂರ್ತಿ ಒಂದೇ ಕಾಲಿನ ಪಾಲು. ಕಬ್ಬಿಣ ಹೋಯಿತು, ಭಾರ ಏರಿತು. ಸಾಲದ್ದಕ್ಕೆ ಸಮತೋಲ ತಪ್ಪಿ ಮಂಡಿ ಒಳಕ್ಕೆ ವಾಲುವುದೂ ಇದೆ.

ನಿತ್ಯಜೀವನವೇ ಮಂಡಿಯ ಮೇಲೆ ಹೇರುವ ಭಾರ ಇನ್ನೂ ಅಚ್ಚರಿಯದು. ಬರ್ಲಿನ್‌ನ ಸಂಶೋಧಕರು ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯಾದ ಐವರಲ್ಲಿ ಅಳತೆಯ ಉಪಕರಣವಿರುವ ಕೃತಕ ಕೀಲನ್ನೇ ಕೂರಿಸಿ 2010ರಲ್ಲಿ ಲೆಕ್ಕ ಕೊಟ್ಟರು. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಕೀಲಿನ ಮೇಲೆ ಮೈತೂಕದ ಸುಮಾರು 2.6 ಪಟ್ಟು, ಮೆಟ್ಟಿಲು ಹತ್ತುವಾಗ 3.2 ಪಟ್ಟು, ಇಳಿಯುವಾಗ 3.5 ಪಟ್ಟು ಬಲ ಬೀಳುತ್ತದೆ. ಎಪ್ಪತ್ತು ಕಿಲೋದವನು ಮೆಟ್ಟಿಲಿಳಿಯುವಾಗ ಪ್ರತಿ ಹೆಜ್ಜೆಗೂ ಮಂಡಿ ಹೊರುವುದು ಹತ್ತಿರ ಹತ್ತಿರ 240 ಕಿಲೋಗೆ ಸಮನಾದ ಬಲ. ಸ್ನಾಯುಗಳ ಎಳೆತವೂ ಕೀಲನ್ನೇ ಅದುಮುವುದರಿಂದ ಹೀಗೆ. ಏರುವಾಗ ಇಲ್ಲದ ನೋವು ಇಳಿಯುವಾಗ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಜಿಗಿದು ಇಳಿಯುವಾಗಲಂತೂ ಕೇಳುವುದೇ ಬೇಡ. ಒಂದು ಕಾಲದ ಸುರತ್ಕಲ್ ಮೇಳದಂಥ ತೆಂಕುತಿಟ್ಟಿನ ಯಕ್ಷಗಾನ ಆಟಗಳನ್ನು ಬೆಳಗಿನವರೆಗೆ ನೋಡಿದವರಿಗೆ ಧೀಂಗಿಣ ಎಂದರೇನೆಂದು ಗೊತ್ತು. ವೇಷದ ಭಾರ ಹೊತ್ತು ವೇಷಧಾರಿ ರಂಗಸ್ಥಳದಲ್ಲಿ ಸುತ್ತುತ್ತ ಹಾರಿ ಹಾರಿ ಇಳಿಯುತ್ತಾನೆ. ಬಾರ್ಬೆಲ್ಲೂ ಇಲ್ಲ, ಪ್ಲೇಟೂ ಇಲ್ಲ, ಆದರೆ ಮಂಡಿಗೆ ಬೀಳುವ ಪೆಟ್ಟು ಸಣ್ಣದಲ್ಲ. ಅವನು ಅದನ್ನು ತಾಳುವುದು ವರ್ಷಗಳ ಅಭ್ಯಾಸದಿಂದ. ಅಭ್ಯಾಸವಿಲ್ಲದವನು ಮೊದಲ ದಿನವೇ ನೂರು ‘ಜಂಪ್ ಸ್ಕ್ವಾಟ್’ ಹೊಡೆದರೆ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಮುನಿಸಿಕೊಳ್ಳುತ್ತದೆ. ನೂರಾರು ಬಸ್ಕಿಯನ್ನು ಒಮ್ಮೆಗೇ ಹೊಡೆದು ತೊಡೆಯ ಸ್ನಾಯುಗಳೇ ಒಡೆದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ ಆಸ್ಪತ್ರೆ ಸೇರುವುದೂ ವೈದ್ಯಲೋಕಕ್ಕೆ ಹೊಸದಲ್ಲ.

ತಪ್ಪು ಕಲ್ಪನೆ: ಮಂಡಿ ಕಾಲ್ಬೆರಳು ದಾಟಬಾರದು, ಪೂರ್ತಿ ಕೂರಬಾರದು

ಈ ಎಚ್ಚರಿಕೆಯ ಬೇರು ಅಮೆರಿಕದಲ್ಲಿದೆ. ಟೆಕ್ಸಾಸ್‌ನ ಕಾರ್ಲ್ ಕ್ಲೈನ್ 1961ರಲ್ಲಿ, ಪೂರ್ತಿ ಕೂತೇಳುವ ಸ್ಕ್ವಾಟ್‌ನಿಂದ ಮಂಡಿಯ ಲಿಗಮೆಂಟ್‌ಗಳು ಸಡಿಲವಾಗುತ್ತವೆ ಎಂದು ವಾದಿಸಿದರು. ನಂತರದ ಅಧ್ಯಯನಗಳಲ್ಲಿ ಅದು ಸಾಬೀತಾಗಲಿಲ್ಲ. ಆದರೆ ಎಚ್ಚರಿಕೆ ಮಾತ್ರ ಜಿಮ್‌ನಿಂದ ಜಿಮ್‌ಗೆ ದಾಟಿ ನಮ್ಮೂರಿಗೂ ಬಂತು.

2003ರ ಪ್ರಯೋಗವೊಂದರಲ್ಲಿ ಮಂಡಿ ಮುಂದೆ ಹೋಗದಂತೆ ಹಲಗೆ ಅಡ್ಡವಿಟ್ಟು ಸ್ಕ್ವಾಟ್ ಮಾಡಿಸಲಾಯಿತು. ಮಂಡಿಯ ಮೇಲಿನ ತಿರುಚುಬಲ ಸುಮಾರು ಶೇ 22ರಷ್ಟು ಇಳಿಯಿತು. ಸೊಂಟದ ಕೀಲಿನ ಮೇಲಿನದು ಹತ್ತು ಪಟ್ಟಿಗೂ ಹೆಚ್ಚು ಏರಿತು. ಸೊಂಟ ಹಿಂದಕ್ಕೆ ಹೋಗಿ ಮೈ ಮುಂದಕ್ಕೆ ಬಾಗಿದ್ದರ ಫಲ ಅದು. ಮಂಡಿ ನೋಯುತ್ತಿರುವ ಕೆಲವು ವಾರ ಹೀಗೆ ಭಾರವನ್ನು ಸೊಂಟಕ್ಕೆ ದಾಟಿಸುವುದು ಒಳ್ಳೆಯ ಉಪಾಯವೇ. ಆದರೆ ಅದು ತಾತ್ಕಾಲಿಕ ಉಪಾಯ, ಜೀವಮಾನದ ನಿಯಮವಲ್ಲ. ಭಾರತೀಯ ಶೈಲಿಯ ಕಕ್ಕಸಿನಲ್ಲಿ ಕೂರುವವರ ಮಂಡಿ ದಿನವೂ ಬೆರಳು ದಾಟಿಯೇ ದಾಟುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ದಿನಕ್ಕೆ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುವವರಿಗೆ ಮುಪ್ಪಿನಲ್ಲಿ ಮಂಡಿಯ ಸಂಧಿವಾತ ಹೆಚ್ಚೆಂದು ಬೀಜಿಂಗ್‌ನ ಹಿರಿಯರನ್ನು ಕುರಿತ 2004ರ ಅಧ್ಯಯನ ತೋರಿಸಿತು. ಹತ್ತು ಬಸ್ಕಿ ಹೊಡೆದು ಎದ್ದು ನಿಲ್ಲುವುದಕ್ಕೂ ಮಂಡಿ ಮಡಚಿ ಗಂಟೆಗಟ್ಟಲೆ ಅಲ್ಲಾಡದೆ ಇರುವುದಕ್ಕೂ ವ್ಯತ್ಯಾಸವಿದೆ. ಜಿಮ್ಮಿಗೆ ಹೆದರುವ ಮಗ, ಮೂರು ತಾಸು ನೆಲಕ್ಕೆ ಕೂತು ಬೀಡಿ ಕಟ್ಟುವ ಅಮ್ಮನಿಗೆ ನಡುನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಲು ಹೇಳಿದರೆ ಒಳ್ಳೆಯದು.

ತಪ್ಪು ಕಲ್ಪನೆ: ಲಟಲಟ ಸದ್ದು ಬಂದರೆ ‘ಗ್ರೀಸ್’ ಖಾಲಿ

ನೋವಿಲ್ಲದ, ಊತವಿಲ್ಲದ ಸದ್ದು ಸಾಮಾನ್ಯವಾಗಿ ನಿರಪಾಯ. ಎಂಆರ್‌ಐ ವರದಿಯ ಭಯವೂ ಇಂಥದ್ದೇ. ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ 50ರಿಂದ 90 ವರ್ಷದ 991 ಮಂದಿಯ ಮಂಡಿಯನ್ನು ಚಿತ್ರಿಸಿದಾಗ, ಕೀಲಿನ ನಡುವಿನ ಮೆತ್ತೆಯಾದ ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ 61ರಷ್ಟು ಮಂದಿಗೆ ಹಿಂದಿನ ತಿಂಗಳಿಡೀ ಯಾವ ನೋವೂ ಇರಲಿಲ್ಲ. 2008ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ಸರಳ: ಚಿತ್ರದಲ್ಲಿ ಕಂಡ ಹರಕೇ ನೋವಿನ ಮೂಲ ಎಂದು ವರದಿ ಓದಿದ ಕೂಡಲೇ ಹೇಳಲಾಗದು.

ತಪ್ಪು ಕಲ್ಪನೆ: ಮರಳಿನಲ್ಲಿ ಓಡಿದರೆ ಮಂಡಿಗೆ ಹಿತ

ಅರ್ಧ ನಿಜ. ಮರಳು ಪೆಟ್ಟನ್ನು ನುಂಗುತ್ತದೆ, ಜೊತೆಗೆ ಓಡುವವನ ಶಕ್ತಿಯನ್ನೂ ನುಂಗುತ್ತದೆ. ಗಟ್ಟಿ ನೆಲಕ್ಕಿಂತ ಮರಳಿನಲ್ಲಿ ಓಡಲು ಸುಮಾರು 1.6 ಪಟ್ಟು ಶಕ್ತಿ ಬೇಕೆಂದು 1998ರಲ್ಲೇ ಅಳೆದು ತೋರಿಸಲಾಗಿದೆ. ಮೀನಖಂಡಕ್ಕೂ ಹಿಮ್ಮಡಿಯ ರಜ್ಜುವಿಗೂ ಅದು ಹೆಚ್ಚಿನ ದುಡಿಮೆ. ಅಲೆ ತಾಗುವ ಒದ್ದೆ ಮರಳು ಗಟ್ಟಿಯೇನೋ ಹೌದು, ಆದರೆ ಕಡಲಿನ ಕಡೆ ಓರೆ. ಒಂದೇ ದಿಕ್ಕಿಗೆ ಓಡುತ್ತಿದ್ದರೆ ಒಂದು ಕಾಲು ಸದಾ ತಗ್ಗಿನಲ್ಲಿ, ಇನ್ನೊಂದು ಎತ್ತರದಲ್ಲಿ. ಹೋದಷ್ಟೇ ದೂರ ಅದೇ ಅಂಚಿನಲ್ಲಿ ಮರಳಿ ಬಂದರೆ ಎರಡೂ ಕಾಲಿಗೆ ಸಮಪಾಲು.

ತಪ್ಪು ಕಲ್ಪನೆ: ಗರಡಿಯ ಸಾಮು ಬೇರೆ, ಜಿಮ್ಮಿನ ಕಬ್ಬಿಣ ಬೇರೆ

‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕರ್ತೃ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಅಂಗಸಾಧಕರೂ ಹೌದು. 1930ರಲ್ಲಿ ‘ಮಸಲ್ ಕಲ್ಟ್’ ಬರೆದ ಅವರೇ 1937ರಲ್ಲಿ ‘ಸೂರ್ಯ ನಮಸ್ಕಾರ್’ ಪುಸ್ತಕವನ್ನೂ ಹೊರತಂದರು. ಬಾರ್ಬೆಲ್ಲಿಗೂ ನಮಸ್ಕಾರಕ್ಕೂ ಅವರಲ್ಲಿ ಜಗಳವಿರಲಿಲ್ಲ. ಮಂಡಿಗೂ ಇಲ್ಲ. ಅದಕ್ಕೆ ತಿಳಿಯುವುದು ಎಷ್ಟು ಭಾರ, ಎಷ್ಟು ಮಡಿಕೆ, ಎಷ್ಟು ವೇಗ, ಮೊನ್ನೆಗಿಂತ ಇಂದು ಎಷ್ಟು ಹೆಚ್ಚು ಎಂಬುದಷ್ಟೆ. ಮಂಡಿಚಿಪ್ಪಿನ ರಜ್ಜು ನೋಯುವ ಕ್ರೀಡಾಪಟುಗಳಿಗೆ ಭಾರವಾದ ತೂಕವನ್ನು ನಿಧಾನವಾಗಿ ಎತ್ತಿಸುವುದೇ ಇಂದು ಒಪ್ಪಿತ ಚಿಕಿತ್ಸೆಗಳಲ್ಲೊಂದು. ಬರೀ ವಿಶ್ರಾಂತಿಯಿಂದ ನೋವು ಅಡಗುತ್ತದೆ, ತೊಡೆ ಸೊರಗುತ್ತದೆ, ಮರಳಿ ಮೈದಾನಕ್ಕಿಳಿದಾಗ ನೋವು ಹಾಜರಾಗುತ್ತದೆ.

ಬದಲಾವಣೆ ಬೇಕೆನ್ನುವವರಿಗೆ ಮೈತೂಕದ ವ್ಯಾಯಾಮದಲ್ಲೂ ಮೆಟ್ಟಿಲುಗಳಿವೆ. ಮೊದಲು ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆಯೇ ಕೂತಂತೆ ಅರ್ಧ ನಿಮಿಷ. ಆಮೇಲೆ ಕುರ್ಚಿಯ ಮೇಲೆ ಕೂತೇಳುವುದು. ಮಲಗಿ ಸೊಂಟ ಎತ್ತುವ ಸೇತುಬಂಧ, ಪಕ್ಕಕ್ಕೆ ಮಲಗಿ ಕಾಲೆತ್ತುವುದು ಜೊತೆಗಿರಲಿ. ಮಂಡಿಯ ಮುಂಭಾಗದ ನೋವಿಗೆ ತೊಡೆಯಷ್ಟೇ ಸೊಂಟದ ಬಲವೂ ಬೇಕು. ನಂತರ ಗಿಡ್ಡ ಮೆಟ್ಟಿಲಿನಿಂದ ನಿಧಾನವಾಗಿ ಇಳಿಯುವುದು, ಪೂರ್ತಿ ಬಸ್ಕಿ. ಒಂಟಿಕಾಲು ಮತ್ತು ಜಿಗಿತ ಕೊನೆಗೆ.

ಮಂಡಿ ಊದಿದ್ದರೆ, ಮಡಚಿದಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ, ನಡೆಯುವಾಗ ಕುಸಿಯುತ್ತಿದ್ದರೆ, ಕಾಲೂರಲು ಆಗದಿದ್ದರೆ, ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ ವ್ಯಾಯಾಮದ ಚರ್ಚೆ ಅಲ್ಲಿಗೇ ನಿಲ್ಲಿಸಿ ಮೂಳೆತಜ್ಞರನ್ನು ಕಾಣಬೇಕು. ಜ್ವರದ ಜೊತೆಗೆ ಮಂಡಿ ಊದಿ ಬಿಸಿಯಾಗಿದ್ದರೆ ಅದೇ ದಿನ ಹೋಗಬೇಕು.

ಅದಾವುದೂ ಇಲ್ಲದವರಿಗೆ ಫಿಸಿಯೊಥೆರಪಿಸ್ಟ್‌ಗಳು ಕಲಿಸುವ ಅಳತೆ ಸುಲಭ. ವ್ಯಾಯಾಮದ ವೇಳೆ ನೋವು ಹತ್ತಕ್ಕೆ ಮೂರರೊಳಗಿರಬೇಕು. ಮರುದಿನ ಬೆಳಿಗ್ಗೆ ಮನೆಯ ಮೆಟ್ಟಿಲು ಇಳಿಯುವಾಗ ಅದು ನಿನ್ನೆಗಿಂತ ಹೆಚ್ಚಾಗಿರಬಾರದು. ಹೆಚ್ಚಾಗಿದ್ದರೆ ಆ ಸಂಜೆ ಕಡಲತೀರದಲ್ಲಿ ಮೂವತ್ತು ಬಸ್ಕಿಯ ಬದಲು ಹದಿನೈದು.