ಮೊದಲ ಐದು ಮನೆಗಳು

ಮನೆ ಪಾರ್ಟಿಗಳಲ್ಲಿ ಸಾಮಾನು ಮಾರುವ ಕೆಲಸಕ್ಕೆ ಹೊಸದಾಗಿ ಸೇರಿದ ಹೆಂಗಸಿನ ಕೈಯಲ್ಲಿ ಮೊದಲ ದಿನ ಎರಡು ವಸ್ತುಗಳಿರುತ್ತವೆ: ಒಂದು ಡೆಮೊ ಕಿಟ್, ಒಂದು ಖಾಲಿ ಡೈರಿ. ಕಿಟ್‌ನಲ್ಲಿ ಏನಿದೆ, ಅದನ್ನು ಹೇಗೆ ತೋರಿಸಬೇಕು ಎಂದು ಕಲಿಸಿಕೊಡುವವರಿದ್ದಾರೆ. ಡೈರಿಯ ಮೊದಲ ಪುಟದಲ್ಲಿ ಯಾರ ಮನೆಯ ವಿಳಾಸ ಬರೆಯಬೇಕು ಎಂಬುದನ್ನು ಮಾತ್ರ ಆಕೆಯೇ ಕಂಡುಕೊಳ್ಳಬೇಕು. ಸಾಮಾನ್ಯವಾಗಿ ಅಕ್ಕನ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಂದು ಪಾರ್ಟಿ ನಡೆಯುತ್ತದೆ. ಬಂದವರು ಕಾಫಿ ಕುಡಿದು, ಒಂದೆರಡು ಡಬ್ಬಿ ಕೊಂಡು ಹೊರಡುತ್ತಾರೆ. ‘ನಮ್ಮ ಮನೆಯಲ್ಲೂ ಒಮ್ಮೆ ಇಟ್ಟುಕೊಳ್ಳೋಣ’ ಎಂದು ಯಾರೂ ಹೇಳುವುದಿಲ್ಲ. ಇದು ನನ್ನ ಕೈಲಾಗುವ ಕೆಲಸವಲ್ಲ ಎಂದುಕೊಂಡು ಆಕೆ ಕಿಟ್ಟನ್ನು ಅಟ್ಟಕ್ಕೆ ಸೇರಿಸುತ್ತಾಳೆ. ಹೀಗೆ ತಮ್ಮ ಮೇಲೆ ತಾವೇ ತೀರ್ಪು ಕೊಟ್ಟುಕೊಂಡವರ ಬಗ್ಗೆ ನನಗೆ ಮರುಕವಿದೆ. ಒಂದೇ ಪಾರ್ಟಿಯನ್ನು ನೋಡಿ ಅಂಥ ತೀರ್ಪು ಕೊಡಲು ಗಣಿತ ಒಪ್ಪುವುದಿಲ್ಲ.

ಈ ಮಾರಾಟದ ರೀತಿ ಬೇರೂರಿದ್ದು ಅಮೆರಿಕದಲ್ಲಿ. ಅರ್ಲ್ ಟಪ್ಪರ್ ಎಂಬುವರು ಪಾಲಿಥೀನ್ ಬಟ್ಟಲುಗಳನ್ನು 1946ರಲ್ಲಿ ಮಾರುಕಟ್ಟೆಗೆ ತಂದರು. ಅವುಗಳ ವಿಶೇಷವಿದ್ದದ್ದು ಮುಚ್ಚಳದಲ್ಲಿ. ನಡುವೆ ಒತ್ತಿ, ಅಂಚನ್ನು ಚೂರು ಎತ್ತಿ ಒಳಗಿನ ಗಾಳಿಯನ್ನು ಹೊರಹಾಕಿದರೆ ಅದು ಬಿಗಿಯಾಗಿ ಕೂರುತ್ತಿತ್ತು. ಅಂಗಡಿಗೆ ಬಂದವರಿಗೆ ಈ ಕೈಚಳಕ ತಿಳಿಯಲಿಲ್ಲ. ಬಟ್ಟಲುಗಳು ಕಪಾಟಿನಲ್ಲೇ ಉಳಿದವು. ಅದೇ ಬಟ್ಟಲುಗಳನ್ನು ಬ್ರೌನಿ ವೈಸ್ ಎಂಬಾಕೆ ಮನೆಮನೆಗಳ ನಡುಕೋಣೆಯಲ್ಲಿ ತೆರೆದು ಮುಚ್ಚಿ ತೋರಿಸಿ ಧಾರಾಳವಾಗಿ ಮಾರುತ್ತಿದ್ದರು. ವಿಚ್ಛೇದನದ ನಂತರ ಮಗನನ್ನು ಒಬ್ಬರೇ ಸಾಕುತ್ತಿದ್ದ ವೈಸ್, ಮನೆ ಪಾರ್ಟಿಗಳಲ್ಲಿ ಮಾರುವುದನ್ನು ಕಲಿತದ್ದು ಸ್ಟ್ಯಾನ್ಲಿ ಹೋಮ್ ಪ್ರಾಡಕ್ಟ್ಸ್ ಕಂಪನಿಯಲ್ಲಿ. 1951ರಲ್ಲಿ ಟಪ್ಪರ್ ಆಕೆಯನ್ನು ಉಪಾಧ್ಯಕ್ಷೆಯಾಗಿ ಕರೆತಂದರು. ಅಂಗಡಿಗಳಿಂದ ಸರಕನ್ನು ಹಿಂತೆಗೆದು ಪೂರ್ತಿಯಾಗಿ ಮನೆ ಪಾರ್ಟಿಗಳನ್ನೇ ನಂಬಿದರು. 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ವೈಸ್ ಚಿತ್ರ ಬಂತು. ಆ ಮುಖಪುಟಕ್ಕೆ ಬಂದ ಮೊದಲ ಮಹಿಳೆ ಅವರು. ನಾಲ್ಕೇ ವರ್ಷಗಳಲ್ಲಿ ವೈಸ್ ಅವರನ್ನು ಟಪ್ಪರ್ ಕೆಲಸದಿಂದ ತೆಗೆದುಹಾಕಿದರು ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಕಂಪನಿಯನ್ನು ಮನೆಮಾತಾಗಿಸಿದ ಹೆಂಗಸಿಗೆ ಸಂದದ್ದು ನ್ಯಾಯವಲ್ಲ. ಆ ಬಟ್ಟಲುಗಳು ಭಾರತಕ್ಕೆ ಬಂದದ್ದು 1996ರಲ್ಲಿ, ಇಲ್ಲಿಯೂ ಹೆಂಗಸರ ಕೈಯಿಂದಲೇ.

ಬಟ್ಟಲಿಗಿಂತ ಹೆಚ್ಚು ಬಾಳಿಕೆ ಬಂದದ್ದು ಪಾರ್ಟಿಯ ರಚನೆ. ಒಂದು ಮನೆಯ ಪಾರ್ಟಿಗೆ ಬಂದವರಲ್ಲಿ ಒಬ್ಬಿಬ್ಬರು ತಮ್ಮ ಮನೆಗೂ ದಿನ ಗೊತ್ತುಮಾಡಬೇಕು. ಅಲ್ಲಿಗೆ ಬಂದವರಿಂದ ಮತ್ತೆ ಕೆಲವು ಮನೆಗಳು ಸಿಗಬೇಕು. ಹೀಗೆ ಬುಕಿಂಗ್ ಸಿಕ್ಕಿದರೆ ಕರೆದ ಮನೆಯೊಡತಿಗೆ ಉಡುಗೊರೆಯೂ ಹೆಚ್ಚು. ಆದ್ದರಿಂದ ಸಾಮಾನು ಮಾರುವ ಕನ್ಸಲ್ಟೆಂಟ್‌ಗೆ ಆ ಸಂಜೆಯ ಮಾರಾಟ ಎಷ್ಟು ಮುಖ್ಯವೋ ಅಲ್ಲಿ ಹುಟ್ಟುವ ಮುಂದಿನ ಪಾರ್ಟಿಗಳೂ ಅಷ್ಟೇ ಮುಖ್ಯ.

ಒಂದರಿಂದ ಕೆಲವು, ಆ ಕೆಲವುಗಳಿಂದ ಮತ್ತೆ ಕೆಲವು ಹುಟ್ಟುವ ಇಂಥ ಸರಪಳಿಗಳನ್ನು ಗಣಿತಜ್ಞರು ಬಹಳ ಹಿಂದೆಯೇ ಅಭ್ಯಾಸ ಮಾಡಿದ್ದಾರೆ. ಇಂಗ್ಲೆಂಡಿನ ದೊಡ್ಡ ಮನೆತನಗಳ ಹೆಸರುಗಳು ಏಕೆ ಅಳಿದುಹೋಗುತ್ತಿವೆ ಎಂದು ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಕೇಳಿದರು. ಪಾದ್ರಿಯೂ ಗಣಿತಜ್ಞರೂ ಆಗಿದ್ದ ಹೆನ್ರಿ ವಾಟ್ಸನ್ ಅದಕ್ಕೆ ಉತ್ತರ ಹುಡುಕಿದರು. ಒಬ್ಬ ಗಂಡಸಿಗೆ ಎಷ್ಟು ಗಂಡುಮಕ್ಕಳು ಎಂಬುದು ಅದೃಷ್ಟದ ಮಾತು; ಆ ಅದೃಷ್ಟ ತಲೆಮಾರಿನಿಂದ ತಲೆಮಾರಿಗೆ ಸಾಗುವಾಗ ಹೆಸರು ಉಳಿಯುವ ಸಂಭವ ಎಷ್ಟು ಎಂಬುದೇ ಅವರ ಲೆಕ್ಕ. ಇದನ್ನು ಇಂದು ಕವಲು ಪ್ರಕ್ರಿಯೆ ಎನ್ನುತ್ತಾರೆ. ಅಣು ಸರಪಳಿ ಕ್ರಿಯೆಗೂ ಸಾಂಕ್ರಾಮಿಕ ರೋಗ ಹಬ್ಬುವುದಕ್ಕೂ ಬಳಕೆಯಾಗುವುದು ಇದೇ ಗಣಿತ.

ಇದನ್ನು ಡೈರಿಗೆ ಅನ್ವಯಿಸಿ ನೋಡೋಣ. ಒಂದು ಪಾರ್ಟಿಯಿಂದ ಸರಾಸರಿ ಎಷ್ಟು ಹೊಸ ಪಾರ್ಟಿಗಳು ಹುಟ್ಟುತ್ತವೆ ಎಂಬುದೇ ಮುಖ್ಯ ಸಂಖ್ಯೆ. ಅದು 1ಕ್ಕಿಂತ ಕಡಿಮೆಯಿದ್ದರೆ ಸರಪಳಿ ಇವತ್ತಲ್ಲ ನಾಳೆ ನಿಲ್ಲಲೇಬೇಕು. ಸರಾಸರಿ 0.8 ಇದ್ದರೆ, ಒಂದು ಪಾರ್ಟಿಯಿಂದ ಶುರುವಾದ ಸರಪಳಿಯಲ್ಲಿ ಆ ಮೊದಲನೆಯದೂ ಸೇರಿ ಸರಾಸರಿ 5 ಪಾರ್ಟಿಗಳಾಗುತ್ತವೆ, ಅಷ್ಟೇ. ಸರಾಸರಿ 1ನ್ನು ದಾಟಿದರೆ ಸರಪಳಿ ಬೆಳೆಯುವ ಸಾಧ್ಯತೆಯಿದೆ. ಖಾತ್ರಿಯಿಲ್ಲ, ಸಾಧ್ಯತೆ ಮಾತ್ರ. ಹೊಸಬರು ಎಡವುವುದು ಇಲ್ಲಿ.

ಒಬ್ಬ ಕನ್ಸಲ್ಟೆಂಟ್ ನಿಜಕ್ಕೂ ಸಮರ್ಥೆ, ಆಕೆಯ ಸರಾಸರಿ 1.5 ಎಂದಿಟ್ಟುಕೊಳ್ಳಿ. ಬುಕಿಂಗ್‌ಗಳ ಸಂಖ್ಯೆ ಯಾದೃಚ್ಛಿಕ ಘಟನೆಗಳ ಎಣಿಕೆಗೆ ಗಣಿತಜ್ಞರು ಬಳಸುವ ಪಾಯ್ಸಾನ್ ವಿತರಣೆಯ ಪ್ರಕಾರ ಏರಿಳಿಯುತ್ತದೆ ಎಂದು ಭಾವಿಸಿದರೆ, ಆಕೆಯ ನೂರು ಪಾರ್ಟಿಗಳಲ್ಲಿ ಸುಮಾರು 22ರಲ್ಲಿ ಒಂದೂ ಬುಕಿಂಗ್ ಹುಟ್ಟುವುದಿಲ್ಲ. ಒಂದೇ ಮನೆಯಿಂದ ಶುರುಮಾಡಿದರೆ, ಇಂಥ ಸಮರ್ಥೆಯ ಸರಪಳಿ ಕೂಡ ಎಲ್ಲೋ ಒಂದು ಕಡೆ ನಿಂತುಹೋಗುವ ಸಂಭವ ಶೇ. 42. ಎರಡು ಮನೆಗಳಿಂದ ಬೇರೆಬೇರೆಯಾಗಿ ಶುರುಮಾಡಿದರೆ ಎರಡೂ ನಿಂತುಹೋಗುವ ಸಂಭವ ಶೇ. 17ಕ್ಕೆ ಇಳಿಯುತ್ತದೆ, ಮೂರಾದರೆ ಶೇ. 7, ಐದಾದರೆ ಶೇ. 1ರ ಆಸುಪಾಸು. ಆಕೆಯ ಮಾತು, ನಗು, ಡೆಮೊ ಯಾವುದೂ ಬದಲಾಗಿಲ್ಲ. ಶುರುಮಾಡಿದ ಮನೆಗಳ ಸಂಖ್ಯೆ ಬದಲಾಗಿದೆ, ಅಷ್ಟೇ. ಹೊಸಬರಿಗೆ ನಾನು ಒತ್ತಿ ಹೇಳಬಯಸುವುದು ಇದನ್ನೇ: ಮೊದಲ ಪಾರ್ಟಿ ನಡೆಯುವ ಮುಂಚೆಯೇ ಐದು ಮನೆಗಳ ದಿನಾಂಕ ಡೈರಿಯಲ್ಲಿರಲಿ. ಒಂದು ಮುಗಿಸಿ, ಅದರ ಫಲ ನೋಡಿಕೊಂಡು ಮುಂದಿನದಕ್ಕೆ ಹೋಗುತ್ತೇನೆ ಎನ್ನುವುದು ಎಚ್ಚರಿಕೆಯಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಅದೇ ಹೆಚ್ಚು ಅಪಾಯದ ದಾರಿ.

ಮೇಲಿನ ಲೆಕ್ಕದಲ್ಲಿ ‘ಬೇರೆಬೇರೆಯಾಗಿ’ ಎಂಬ ಷರತ್ತು ಇತ್ತು. ಅದನ್ನು ಪೂರೈಸುವುದು ಸುಲಭವಲ್ಲ. ಅಕ್ಕ, ಅತ್ತಿಗೆ, ಚಿಕ್ಕಮ್ಮ ಮೂವರೂ ಮನೆ ಬಿಟ್ಟುಕೊಟ್ಟರು ಎನ್ನಿ. ಮೂರೂ ಕಡೆ ಬರುವವರು ಹೆಚ್ಚುಕಡಿಮೆ ಅವರೇ. ಮೊದಲ ಮನೆಯಲ್ಲಿ ಡಬ್ಬಿ ಕೊಂಡವರು ಮೂರನೆಯ ಮನೆಗೆ ಬರುವ ಹೊತ್ತಿಗೆ ಹಣವೂ ಮುಗಿದಿರುತ್ತದೆ, ಕುತೂಹಲವೂ. ಹೆಸರಿಗೆ ಮೂರು ಮನೆ, ಗಣಿತಕ್ಕೆ ಒಂದೇ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಪ್ರಬಂಧದಲ್ಲಿ ತೋರಿಸಿದ್ದು ಇದರ ಇನ್ನೊಂದು ಮುಖ. ಬಾಸ್ಟನ್ ಬಳಿಯ ನ್ಯೂಟನ್ ಊರಿನಲ್ಲಿ, ಪರಿಚಿತರ ಮೂಲಕ ಕೆಲಸ ಕಂಡುಕೊಂಡ 54 ಮಂದಿಯನ್ನು ಅವರು ವಿಚಾರಿಸಿದರು. ಸುದ್ದಿ ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 17ಕ್ಕೂ ಕಡಿಮೆ. ಉಳಿದವರೆಲ್ಲ ಕೆಲಸದ ಸುದ್ದಿ ಪಡೆದದ್ದು ಯಾವಾಗಲೋ ಒಮ್ಮೆ ಕಾಣುವ ಪರಿಚಿತರಿಂದ. ಆಪ್ತರ ಲೋಕವೂ ನಮ್ಮ ಲೋಕವೂ ಒಂದೇ; ದೂರದ ಪರಿಚಿತರು ಬೇರೆ ಲೋಕದ ಬಾಗಿಲು ತೆರೆಯುತ್ತಾರೆ. ಆದ್ದರಿಂದ ಐದು ಮನೆಗಳಲ್ಲಿ ಒಂದು ಬಂಧುಗಳದಾದರೆ ಸಾಕು. ಇನ್ನೊಂದು ಮಗುವಿನ ಶಾಲೆಯ ತಾಯಂದಿರ ಕಡೆಯದು, ಮತ್ತೊಂದು ಹಿಂದೆ ಕೆಲಸ ಮಾಡಿದ ಆಫೀಸಿನವರದು, ಒಂದು ಭಜನಾ ಮಂಡಳಿಯದೋ ಯೋಗ ತರಗತಿಯದೋ, ಒಂದು ಹಿಂದೆ ಬಾಡಿಗೆಗಿದ್ದ ಬಡಾವಣೆಯದು ಆಗಬಹುದು. ಒಂದು ಮನೆಗೆ ಬಂದವರು ಇನ್ನೊಂದರಲ್ಲಿ ಕಾಣದಿದ್ದರೆ ಆಯ್ಕೆ ಸರಿಯಾಗಿದೆ ಎಂದರ್ಥ.

ಅಷ್ಟು ದೂರದವರನ್ನು ಕೇಳುವುದು ಹೇಗೆ ಎಂಬ ಸಂಕೋಚ ಸಹಜ. ಈ ಸಂಕೋಚವನ್ನೂ ಅಳೆದು ನೋಡಿದ್ದಾರೆ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರಿಂದ ಐದು ಪ್ರಶ್ನಾವಳಿ ತುಂಬಿಸಿಕೊಂಡು ಬರಲು ಎಷ್ಟು ಮಂದಿಯನ್ನು ಕೇಳಬೇಕಾದೀತು ಎಂದು ವಿದ್ಯಾರ್ಥಿಗಳನ್ನು ಮೊದಲೇ ಕೇಳಲಾಯಿತು. ಸುಮಾರು 20 ಎಂದು ಅವರು ಅಂದಾಜಿಸಿದರು. ಸುಮಾರು 10 ಮಂದಿಯನ್ನು ಕೇಳುವಷ್ಟರಲ್ಲಿ ಕೆಲಸ ಮುಗಿದಿತ್ತು. ನಾವು ಹೆದರುವಷ್ಟು ಜನ ಇಲ್ಲ ಎನ್ನುವುದಿಲ್ಲ. ಮುಂದೆ 2017ರಲ್ಲಿ ಲೇಕ್ ಅವರೇ (ಆಗ ಅವರ ಹೆಸರು ವನೆಸ್ಸಾ ಬಾನ್ಸ್) ಮಹದಿ ರೊಗನಿಜಾದ್ ಜೊತೆ ಇನ್ನೊಂದು ಪ್ರಯೋಗ ಮಾಡಿದರು. ಅದೇ ಬಗೆಯ ಕೋರಿಕೆಯನ್ನು ಎದುರಿಗೆ ನಿಂತು ಕೇಳಿದಾಗ, ಇಮೇಲ್‌ನಲ್ಲಿ ಕೇಳಿದ್ದಕ್ಕಿಂತ 34 ಪಟ್ಟು ಹೆಚ್ಚು ಒಪ್ಪಿಗೆ ದೊರೆಯಿತು. ನೂರು ಜನರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಚಿತ್ರ ಹಾಕಿ ಕಾಯುತ್ತಾ ಕೂರುವುದಕ್ಕಿಂತ, ಶಾಲೆಯ ಗೇಟಿನ ಬಳಿ ಒಬ್ಬರನ್ನು ನಿಲ್ಲಿಸಿ ಮಾತನಾಡುವುದು ಏಕೆ ಮೇಲು ಎಂಬುದರ ಸೂಚನೆ ಇದರಲ್ಲಿದೆ.

ಆದರೆ ಈ ಫಲಿತಾಂಶಗಳನ್ನು ಅಸ್ತ್ರದಂತೆ ಎತ್ತಿಕೊಳ್ಳಬಾರದು. ಮುಖದ ಮೇಲೆ ಇಲ್ಲ ಎನ್ನುವುದು ಕಷ್ಟ, ಆದ್ದರಿಂದಲೇ ಜನ ಒಪ್ಪುತ್ತಾರೆ ಎಂದು ಆ ಸಂಶೋಧಕರೇ ವಿವರಿಸಿದ್ದಾರೆ. ದಾಕ್ಷಿಣ್ಯದ ಒಪ್ಪಿಗೆ ಅದು. ಮನೆ ಪಾರ್ಟಿಯಲ್ಲಿ ಈ ದಾಕ್ಷಿಣ್ಯ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಜೊನಾಥನ್ ಫ್ರೆಂಜನ್ ಮತ್ತು ಹ್ಯಾರಿ ಡೇವಿಸ್ 1990ರಲ್ಲಿ ಪ್ರಕಟಿಸಿದರು: ಮನೆಯೊಡತಿಯ ಜೊತೆ ನಂಟು ಗಟ್ಟಿಯಾದಷ್ಟೂ, ಆಕೆಯ ಋಣ ತಮ್ಮ ಮೇಲಿದೆ ಎನಿಸಿದಷ್ಟೂ ಬಂದವರು ಏನನ್ನಾದರೂ ಕೊಳ್ಳುವ ಸಂಭವ ಹೆಚ್ಚುತ್ತದೆ. ವ್ಯಾಪಾರಕ್ಕೆ ಇದು ಲಾಭದ ಸುದ್ದಿ ಎನಿಸಬಹುದು. ನನಗಂತೂ ಎಚ್ಚರಿಕೆಯಾಗಿಯೇ ಕಾಣುತ್ತದೆ. ದಾಕ್ಷಿಣ್ಯಕ್ಕೆ ಕೊಟ್ಟ ದಿನಾಂಕವನ್ನು ಹಿಂದಿನ ದಿನ ಫೋನ್ ಮಾಡಿ ರದ್ದುಪಡಿಸುವುದು ಸುಲಭ. ದಾಕ್ಷಿಣ್ಯಕ್ಕೆ ಡಬ್ಬಿ ಕೊಂಡವರು ಮುಂದಿನ ಸಲ ಕರೆದಾಗ ಮೈಯಲ್ಲಿ ಹುಷಾರಿಲ್ಲ ಎನ್ನುತ್ತಾರೆ. ಕೊನೆಗೆ ಹೋಗುವುದು ಸ್ನೇಹ. ಅದಕ್ಕಾಗಿ ಕೇಳುವ ಮಾತಿನಲ್ಲೇ ಹಿಂದೆ ಸರಿಯಲು ದಾರಿ ಬಿಟ್ಟಿರಬೇಕು: ‘ಅಕ್ಕ, ನಾನು ಈ ಕೆಲಸ ಹೊಸದಾಗಿ ಶುರುಮಾಡಿದ್ದೀನಿ. ನಿಮ್ಮ ಮನೇಲಿ ಒಂದು ಗಂಟೆ ಡೆಮೊ ಇಟ್ಟುಕೊಳ್ಳೋಕೆ ಆಗುತ್ತಾ? ಅನುಕೂಲ ಇಲ್ಲ ಅಂದ್ರೂ ಬೇಜಾರಿಲ್ಲ, ಯೋಚನೆ ಮಾಡಿ ನಾಳೆ ಹೇಳಿ.’ ಹೀಗೆ ಕೇಳಿದರೆ ಒಪ್ಪಿಗೆಗಳು ಕಡಿಮೆಯಾಗಬಹುದು. ಬಂದ ಒಪ್ಪಿಗೆ ನಿಜವಾದದ್ದಾಗಿರುತ್ತದೆ.

ಯಾರನ್ನು ಕೇಳಬೇಕು ಎಂಬುದಕ್ಕೆ ಇನ್ನೊಂದು ಸೊಗಸಾದ ಫಲಿತಾಂಶವಿದೆ. ನಮ್ಮ ಸ್ನೇಹಿತರಿಗೆ ಸರಾಸರಿಯಲ್ಲಿ ನಮಗಿಂತ ಹೆಚ್ಚು ಸ್ನೇಹಿತರಿರುತ್ತಾರೆ ಎಂದು ಸ್ಕಾಟ್ ಫೆಲ್ಡ್ 1991ರಲ್ಲಿ ವಿವರಿಸಿದರು. ವಿಚಿತ್ರವೆನಿಸಿದರೂ ಕಾರಣ ಸರಳ: ಬಹಳ ಜನರ ಬಳಕೆಯಿರುವವರ ಹೆಸರು ಬಹಳ ಜನರ ಪಟ್ಟಿಯಲ್ಲಿ ಬರುತ್ತದೆ. ನಿಕೊಲಾಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಇದನ್ನು ಹಾರ್ವರ್ಡ್ ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿದರು. ಕೆಲವರನ್ನು ಯಾದೃಚ್ಛಿಕವಾಗಿ ಆರಿಸಿ, ಅವರು ಹೆಸರಿಸಿದ ಸ್ನೇಹಿತರನ್ನು ಇನ್ನೊಂದು ಗುಂಪಾಗಿಟ್ಟರು. 2009ರ ಫ್ಲೂ ಈ ಸ್ನೇಹಿತರ ಗುಂಪಿಗೆ ಸುಮಾರು ಎರಡು ವಾರ ಮುಂಚೆಯೇ ಹಬ್ಬಿತ್ತು. ಸೋಂಕು ಬೇಗ ತಲುಪುವ ಜನರನ್ನು ಸುದ್ದಿಯೂ ಬೇಗ ತಲುಪುತ್ತದೆ. ಹೊಸ ಬಡಾವಣೆಯಲ್ಲಿ ಒಬ್ಬರೇ ಪರಿಚಯವಿದ್ದರೆ ಅವರ ಮನೆಯನ್ನೇ ಕೇಳಬೇಕೆಂದಿಲ್ಲ. ‘ಇಲ್ಲಿ ನೀವೆಲ್ಲ ಸಾಮಾನ್ಯವಾಗಿ ಯಾರ ಮನೇಲಿ ಸೇರ್ತೀರಿ?’ ಎಂದು ಕೇಳಿ, ಅವರು ಹೇಳಿದ ಮನೆಗೆ ಅವರ ಜೊತೆಯಲ್ಲೇ ಹೋಗಿ ಬಂದರೆ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಸರಾಸರಿ ಸ್ಥಿರವಾಗಿ ನಿಲ್ಲುವುದಿಲ್ಲ. ಗಾಲ್ಟನ್ ಅವರ ಗಣಿತಕ್ಕೆ ಜಗತ್ತು ಅನಂತ, ಬಡಾವಣೆಗೆ ಅಂಚಿದೆ. ನೋಡಿದವರೇ ಮತ್ತೆ ಎದುರಾಗತೊಡಗಿದಂತೆ ಪ್ರತಿ ಪಾರ್ಟಿಯಿಂದ ಹುಟ್ಟುವ ಪಾರ್ಟಿಗಳು ಕಡಿಮೆಯಾಗಿ, ಸಂಖ್ಯೆ 1ರ ಕೆಳಗೆ ಜಾರುತ್ತದೆ. ಹೊಸ ಸದಸ್ಯರನ್ನು ಸೇರಿಸುವುದರಿಂದಲೇ ಹಣ ಬರುತ್ತದೆ ಎನ್ನುವ ಪಿರಮಿಡ್ ಯೋಜನೆಗಳು ಕುಸಿಯುವುದು ಸಹ ಇದೇ ಅಂಚಿಗೆ ತಾಗಿ. ಭಾರತದ 2021ರ ನೇರ ಮಾರಾಟ ನಿಯಮಗಳು ಅಂಥವನ್ನು ನಿಷೇಧಿಸಿವೆ. ಪ್ರಾಮಾಣಿಕವಾಗಿ ಸಾಮಾನು ಮಾರುವವರು ಆ ಇಳಿತವನ್ನು ಮುಂಚಿತವಾಗಿ ಗುರುತಿಸಬಹುದು. ಡೈರಿಯಲ್ಲಿ ಪ್ರತಿ ಪಾರ್ಟಿಯ ಎದುರು ಮೂರು ವಿಷಯ ಬರೆದಿಟ್ಟರೆ ಸಾಕು: ಯಾವ ಬಳಗದ ಮನೆ, ಬಂದವರಲ್ಲಿ ಹೊಸ ಮುಖಗಳೆಷ್ಟು, ಅಲ್ಲಿ ಗೊತ್ತಾದ ದಿನಾಂಕಗಳೆಷ್ಟು. ಒಂದು ಬಳಗದಲ್ಲಿ ಹೊಸ ಮುಖಗಳು ಅರ್ಧಕ್ಕಿಂತ ಕಡಿಮೆಯಾಗುತ್ತಿದ್ದಂತೆ, ಆ ಬಳಗವನ್ನು ಇನ್ನಷ್ಟು ಒತ್ತಾಯಿಸದೆ, ಈವರೆಗೆ ಕಾಲಿಡದ ಬಳಗದಲ್ಲಿ ಮತ್ತೆರಡು ಮನೆಗಳನ್ನು ಹುಡುಕತೊಡಗಬೇಕು.